ಒಂದು ಫೈಲು, ಮೂರು ಮೊತ್ತ: ಮೆಕ್ಕೆಜೋಳದ ತೂಕವನ್ನು ಪೈಥಾನ್‌ನಲ್ಲಿ ಕೂಡಿದ ಪ್ರಕರಣ

ಮುಂಗಾರಿನ ಮೆಕ್ಕೆಜೋಳ ಕಟಾವಾಗಿ, ಕಣದಲ್ಲಿ ಒಣಗಿ, ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಬರತೊಡಗುವುದು ದೀಪಾವಳಿಯ ಆಸುಪಾಸಿನಲ್ಲಿ. ಆ ಎರಡು ಮೂರು ತಿಂಗಳು ದಲಾಲಿ ಅಂಗಡಿಗಳಲ್ಲಿ ಲೆಕ್ಕ ಬರೆಯುವವರಿಗೆ ತಲೆಯೆತ್ತಲು ಪುರಸೊತ್ತಿರುವುದಿಲ್ಲ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಬರುವ ಟ್ರ್ಯಾಕ್ಟರುಗಳ ಮಾಲನ್ನು ತೂಗಿಸಿ, ಚೀಟಿ ಹರಿದು, ಕಿರ್ದಿಗೆ ಏರಿಸಿ, ಸಂಜೆ ಒಟ್ಟು ತೂಕವನ್ನು ತಾಳೆ ನೋಡಿದ ಮೇಲೆಯೇ ಅಂಗಡಿಯ ಬಾಗಿಲು ಹಾಕುವುದು. ಇಲ್ಲಿ ವಿವರಿಸುತ್ತಿರುವುದು ಅಂಥ ಒಂದು ಅಂಗಡಿಯಲ್ಲಿ, ಒಂದೇ ಸಂಜೆ, ಒಂದೇ ಫೈಲಿಗೆ ಮೂರು ಬೇರೆ ಬೇರೆ ಮೊತ್ತಗಳು ಬಂದ ಸಂಗತಿ. ನಾನು ಪದವಿ ತರಗತಿಗಳಿಗೆ ಪ್ರೋಗ್ರಾಮಿಂಗ್ ಪಾಠ ಹೇಳುವವಳು. ಅಂಗಡಿಯ ಯಜಮಾನರ ಸೋದರಳಿಯ ನನ್ನ ವಿದ್ಯಾರ್ಥಿಯಾದ್ದರಿಂದ ಈ ಲೆಕ್ಕ ನನ್ನ ಬಳಿಗೆ ಬಂತು.

ಅಂಗಡಿಯಲ್ಲಿ ಎರಡು ಬಗೆಯ ತೂಕ ನಡೆಯುತ್ತದೆ ಎಂಬುದನ್ನು ಮೊದಲಿಗೇ ಹೇಳಬೇಕು, ಏಕೆಂದರೆ ಮುಂದಿನ ಗೊಂದಲದ ಬೇರು ಅಲ್ಲಿದೆ. ಟ್ರ್ಯಾಕ್ಟರಿನ ತುಂಬು ಲೋಡು ವೇ ಬ್ರಿಡ್ಜ್ ಮೇಲೆ ಹೋಗಿ ಬರುತ್ತದೆ. ಅದರ ಚೀಟಿಯಲ್ಲಿ ಪೂರ್ಣ ಕಿಲೋಗಳಷ್ಟೇ ಇರುತ್ತವೆ. ಹತ್ತು ಹನ್ನೆರಡು ಚೀಲ ತರುವ ಸಣ್ಣ ರೈತರ ಮಾಲನ್ನು ಅಂಗಡಿಯ ಮುಂದಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗುವುದರಿಂದ ಅಲ್ಲಿ ಅರ್ಧ ಕಿಲೋ ಕೂಡ ಬರುತ್ತದೆ. ಇದರ ಜೊತೆಗೆ, ಖಾಲಿ ಚೀಲಗಳ ತೂಕವನ್ನೂ ಹಸಿ ಜಾಸ್ತಿಯೆಂದು ವಾಪಸು ಕಳಿಸಿದ ಮಾಲನ್ನೂ ಗುಮಾಸ್ತರು ಕಳೆಯುವ ಚಿಹ್ನೆ ಹಾಕಿ ಅದೇ ಪಟ್ಟಿಯಲ್ಲಿ ಬರೆಯುತ್ತಾರೆ. ಗುಮಾಸ್ತರಿಗೆ ಅರವತ್ತು ದಾಟಿದೆ. ಕಿರ್ದಿಯಲ್ಲಿ ಕನ್ನಡ ಅಂಕಿಗಳನ್ನೇ ಬರೆದು ರೂಢಿಯಾದವರು. ಕಂಪ್ಯೂಟರಿನ ಮುಂದೆ ಕೂತಾಗಲೂ ಕೆಲವೊಮ್ಮೆ ಅವರ ಕೈ ಕನ್ನಡ ಅಂಕಿಗಳ ಕಡೆಗೇ ಹೋಗುತ್ತದೆ.

ಅಳಿಯ ಬಿಸಿಎ ಕೊನೆಯ ವರ್ಷದವನು. ದಿನದ ತೂಕಗಳನ್ನು ನೋಟ್‌ಪ್ಯಾಡಿನಲ್ಲಿ ಸಾಲಿಗೊಂದರಂತೆ ಹಾಕಿಟ್ಟರೆ ಮೊತ್ತವನ್ನು ತಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತೆಗೆದುಕೊಡುತ್ತೇನೆಂದು ಮಾವನಿಗೆ ಹೇಳಿ, ಹತ್ತು ಹದಿನೈದು ಸಾಲಿನ ಪ್ರೋಗ್ರಾಮು ಬರೆದಿದ್ದ. ಆ ಸಂಜೆಯ ಫೈಲಿನಲ್ಲಿ ಇದ್ದದ್ದು ಇಷ್ಟು:

ಮೆಕ್ಕೆಜೋಳ ತೂಕ ಕೆಜಿ
8420
7960
612.5
9150
(ಇಲ್ಲಿ ಒಂದು ಖಾಲಿ ಸಾಲು)
೧೨೪೦
438.5
-96
8875
725.5
-1650
೫೬೦
9240

ಹದಿನಾಲ್ಕು ಸಾಲುಗಳು, ಅವುಗಳಲ್ಲಿ ಹನ್ನೆರಡು ಸಂಖ್ಯೆಗಳು, ಒಂದು ತಲೆಬರಹ, ಒಂದು ಖಾಲಿ. ಗುಮಾಸ್ತರು ಕೈಯಲ್ಲಿ ಕೂಡಿದಾಗ ಬಂದದ್ದು 45,475.5 ಕಿಲೋ. ಅಳಿಯನ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮು ತೋರಿಸಿದ್ದು 45,445. ಅದೇ ಪ್ರೋಗ್ರಾಮು ಅದೇ ಫೈಲನ್ನು ಓದಿ ಅಂಗಡಿಯ ಕಂಪ್ಯೂಟರಿನಲ್ಲಿ ತೋರಿಸಿದ್ದು 43,645.

ಲ್ಯಾಪ್‌ಟಾಪಿನ ಮೊತ್ತಕ್ಕೂ ಕಿರ್ದಿಯ ಮೊತ್ತಕ್ಕೂ ಇದ್ದ ಅಂತರ ಮೂವತ್ತೂವರೆ ಕಿಲೋ. ನಲವತ್ತೈದು ಟನ್ನಿನ ಲೆಕ್ಕದಲ್ಲಿ ಇದು ಕೈತಪ್ಪಿನಂತೆಯೇ ಕಾಣುತ್ತದೆ, ಅಳಿಯನೂ ಹಾಗೆಯೇ ಅರ್ಥ ಮಾಡಿಕೊಂಡಿದ್ದ: ಗುಮಾಸ್ತರಜ್ಜ ಎಲ್ಲೋ ಒಂದು ಕಡೆ ತಪ್ಪಿದ್ದಾರೆ, ಅಂಗಡಿಯ ಹಳೆಯ ಕಂಪ್ಯೂಟರ್ ಕೆಟ್ಟಿದೆ, ಸರಿಯಿರುವುದು ಲ್ಯಾಪ್‌ಟಾಪ್ ಮಾತ್ರ. ಯಜಮಾನರ ಚಿಂತೆ ಬೇರೆಯದಾಗಿತ್ತು. ಕಿರ್ದಿಗೂ ಅಂಗಡಿಯ ಕಂಪ್ಯೂಟರಿಗೂ ನಡುವೆ 1,830.5 ಕಿಲೋ ಅಂತರವಿತ್ತು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿಯ ಲೆಕ್ಕದಲ್ಲಿ ನೋಡಿದರೂ ಅದು 43,932 ರೂಪಾಯಿಯ ಮಾಲು. "ಮೇಡಂ, ಮೂರರಾಗೆ ಯಾವ್ದನ್ನ ನಂಬ್ಬೇಕು ಅಷ್ಟು ಹೇಳ್ರಿ, ಉಳಿದದ್ದು ನಾನು ನೋಡ್ಕೋತೀನಿ" ಎಂದರು ಅವರು. ಗುಮಾಸ್ತರು ಏನೂ ಹೇಳಲಿಲ್ಲ. ಕಿರ್ದಿಯನ್ನು ನನ್ನ ಕಡೆ ತಿರುಗಿಸಿಟ್ಟು ಕೂತರು.

ಪ್ರೋಗ್ರಾಮು ಹೇಗೆ ಹೀಗಾಯಿತು

ತಪ್ಪು ಎಲ್ಲಿದೆಯೆಂದು ಹುಡುಕುವ ಮೊದಲು, ಪ್ರೋಗ್ರಾಮು ಈ ರೂಪಕ್ಕೆ ಬಂದ ದಾರಿಯನ್ನು ಹುಡುಗನಿಂದ ಕೇಳಿ ತಿಳಿದುಕೊಂಡೆ. ಈ ದಾರಿಯಲ್ಲಿ ಅವನು ಇಟ್ಟ ಪ್ರತಿಯೊಂದು ಹೆಜ್ಜೆಗೂ ಆ ಹೊತ್ತಿನಲ್ಲಿ ಒಂದು ಕಾರಣವಿತ್ತು, ಮತ್ತು ನನ್ನ ತರಗತಿಯ ಅರ್ಧದಷ್ಟು ಮಕ್ಕಳು ಇಡುವ ಹೆಜ್ಜೆಗಳೇ ಅವು.

ಮೊದಲ ಪ್ರಯತ್ನದಲ್ಲಿ ಅವನು ಫೈಲನ್ನು ತೆರೆದು, ಒಂದೊಂದು ಸಾಲನ್ನು ತೆಗೆದುಕೊಂಡು, ಅಂಚಿನ ಜಾಗವನ್ನು ಸ್ಟ್ರಿಪ್‌ನಿಂದ ಒರೆಸಿ, ಹಾಗೆಯೇ ಒಂದಕ್ಕೊಂದು ಕೂಡಿದ್ದ. ಫೈಲಿನಿಂದ ಪೈಥಾನ್ ಓದಿಕೊಳ್ಳುವುದು ಯಾವಾಗಲೂ ಅಕ್ಷರಗಳ ಸರಣಿಯನ್ನೇ. ಅದು ಸಂಖ್ಯೆಯಾಗುವುದು ನಾವು ಪರಿವರ್ತಿಸಿದ ಮೇಲೆ. ಹೀಗಾಗಿ 8420 ಮತ್ತು 7960 ಕೂಡಿ 16,380 ಆಗುವ ಬದಲು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು 84207960 ಆಗಿತ್ತು. ಎರಡು ಟ್ರ್ಯಾಕ್ಟರಿನ ಮಾಲು ಎಂಟು ಕೋಟಿ ನಲವತ್ತೆರಡು ಲಕ್ಷ ಕಿಲೋ ಎಂದರೆ ಯಾರಿಗಾದರೂ ತಪ್ಪು ಗೊತ್ತಾಗುತ್ತದೆ. ಫೈಲನ್ನು ರೀಡ್‌ನಿಂದ ಒಟ್ಟಿಗೇ ಓದಿ ಅದರ ಮೇಲೆ ಫಾರ್ ಸುತ್ತು, ಅಂದರೆ ಒಂದೊಂದನ್ನೇ ತೆಗೆದುಕೊಳ್ಳುವ ಆವರ್ತನೆ, ಹಾಕುವವರಿಗೆ ಇದರ ತದ್ವಿರುದ್ಧ ಆಗುತ್ತದೆ: ಸಾಲುಗಳ ಬದಲು ಒಂದೊಂದೇ ಅಕ್ಷರ ಕೈಗೆ ಬರುತ್ತದೆ, ಅವುಗಳನ್ನು ಸಂಖ್ಯೆಯಾಗಿಸಿ ಕೂಡಿದರೆ ಅದೇ ಎರಡು ಲೋಡಿಗೆ 36 ಎಂಬ ಉತ್ತರ ಬರುತ್ತದೆ. ಇಂಥ ತಪ್ಪುಗಳ ಬಗ್ಗೆ ನನಗೆ ಹೆಚ್ಚಿನ ಚಿಂತೆಯಿಲ್ಲ. ಅವು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತವೆ.

ಎರಡನೆಯ ಪ್ರಯತ್ನದಲ್ಲಿ ಅವನು ಪ್ರತಿ ಸಾಲನ್ನೂ ಪೂರ್ಣಾಂಕ ಮಾಡುವ ಇಂಟ್ ಎಂಬ ಪರಿವರ್ತಕಕ್ಕೆ ಕೊಟ್ಟ. ಮೊದಲ ಸಾಲೇ ತಲೆಬರಹವಾದ್ದರಿಂದ ಪೈಥಾನ್ ವ್ಯಾಲ್ಯೂಎರರ್ ಎಂಬ ದೋಷದ ಸಂದೇಶ ಕೊಟ್ಟು ನಿಂತಿತು. ಸಂಖ್ಯೆ ಅಲ್ಲದ ಸಾಲನ್ನು ಬಿಟ್ಟುಬಿಡಬೇಕು ಎಂದು ತೀರ್ಮಾನಿಸಿ, ಹುಡುಕಿದಾಗ ಸಿಕ್ಕಿದ ಇಸ್‌ಡಿಜಿಟ್ ಎಂಬ ಪರೀಕ್ಷೆಯನ್ನು ಹಾಕಿದ: ಸಾಲು ಇಸ್‌ಡಿಜಿಟ್ ಪರೀಕ್ಷೆಯಲ್ಲಿ ಪಾಸಾದರೆ ಕೂಡು, ಇಲ್ಲದಿದ್ದರೆ ಮುಂದಕ್ಕೆ ಹೋಗು. ಇದಾದ ಮೇಲೆ ದೋಷದ ಸಂದೇಶ ಬರುವುದು ನಿಂತಿತು, ಪರದೆಯ ಮೇಲೆ ಮೊತ್ತವೊಂದು ಬಂತು, ಅವನು ನಿಶ್ಚಿಂತನಾದ.

ಇಸ್‌ಡಿಜಿಟ್ ಕೇಳುವ ಪ್ರಶ್ನೆ ಇದು ಸಂಖ್ಯೆಯೇ ಎಂಬುದಲ್ಲ, ಇದರಲ್ಲಿರುವ ಪ್ರತಿಯೊಂದು ಅಕ್ಷರವೂ ಅಂಕಿಯೇ ಎಂಬುದು. ದಶಮಾಂಶದ ಚುಕ್ಕಿ ಅಂಕಿಯಲ್ಲ, ಕಳೆಯುವ ಚಿಹ್ನೆಯೂ ಅಂಕಿಯಲ್ಲ. ಹಾಗಾಗಿ 612.5, 438.5, 725.5 ಈ ಮೂರೂ ಹೊರಗುಳಿದವು. -96 ಮತ್ತು -1650 ಕೂಡ ಹೊರಗುಳಿದವು. ಹೊರಗುಳಿದ ಸಣ್ಣ ರೈತರ ಮಾಲು ಒಟ್ಟು 1,776.5 ಕಿಲೋ, ಕಳೆಯಬೇಕಾಗಿದ್ದು ಕಳೆಯದೆ ಉಳಿದದ್ದು 1,746 ಕಿಲೋ. ಒಂದು ತಪ್ಪು ಮೊತ್ತವನ್ನು ಕೆಳಗೆಳೆಯಿತು, ಇನ್ನೊಂದು ಮೇಲೆತ್ತಿತು, ಎರಡೂ ಸೇರಿ ಉಳಿಸಿದ ವ್ಯತ್ಯಾಸ ಮೂವತ್ತೂವರೆ ಕಿಲೋ ಮಾತ್ರ. ಲ್ಯಾಪ್‌ಟಾಪ್ ಹನ್ನೆರಡು ಸಂಖ್ಯೆಗಳಲ್ಲಿ ಏಳನ್ನಷ್ಟೇ ಕೂಡಿತ್ತು. ಅಂದರೆ ಐದು ಚೀಟಿಗಳು ಲೆಕ್ಕಕ್ಕೇ ಬಂದಿರಲಿಲ್ಲ, ಆದರೂ ಉತ್ತರ ಸರಿಯ ಹತ್ತಿರಕ್ಕೆ ಬಂದು ನಿಂತಿತ್ತು. ಈ ಪ್ರಕರಣವನ್ನು ಬರೆದಿಡಬೇಕೆನ್ನಿಸಿದ್ದು ಈ ಒಂದು ಕಾರಣಕ್ಕೆ. ಹಿಂದಿನ ದಿನಗಳ ಫೈಲುಗಳನ್ನು ಆಮೇಲೆ ತೆಗೆದು ನೋಡಿದಾಗ, ಮಾಲು ವಾಪಸಾಗದ ದಿನಗಳಲ್ಲಿ ಅಂತರ ಸಾವಿರ ಕಿಲೋ ದಾಟಿದ್ದೂ ಉಂಟು. ಆ ದಿನಗಳಲ್ಲಿ ಪ್ರೋಗ್ರಾಮಿನ ಮೊತ್ತವನ್ನು ಯಾರೂ ಕಿರ್ದಿಯೊಂದಿಗೆ ತಾಳೆ ನೋಡಿರಲಿಲ್ಲ.

ಅಂಗಡಿಯ ಕಂಪ್ಯೂಟರ್ ಏಕೆ ಬೇರೆ ಹೇಳಿತು

ಲ್ಯಾಪ್‌ಟಾಪಿನಲ್ಲಿ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಇತ್ತು, ಅಂಗಡಿಯಲ್ಲಿ ವಿಂಡೋಸ್. ಪೈಥಾನ್‌ಗೆ ಫೈಲು ತೆರೆಯುವಾಗ ಅಕ್ಷರಗಳ ಸಂಕೇತ ಪದ್ಧತಿ, ಅಂದರೆ ಎನ್‌ಕೋಡಿಂಗ್, ಯಾವುದೆಂದು ಹೇಳದಿದ್ದರೆ ಅದು ಆಯಾ ಕಂಪ್ಯೂಟರಿನ ಪದ್ಧತಿಯನ್ನು ಹಿಡಿಯುತ್ತದೆ. ಉಬುಂಟುವಿನಲ್ಲಿ ಅದು ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8. ವಿಂಡೋಸ್‌ನಲ್ಲಿ, ಇಂಗ್ಲಿಷ್ ವ್ಯವಸ್ಥೆಯಲ್ಲಿರುವ ನಮ್ಮೂರಿನ ಬಹುತೇಕ ಯಂತ್ರಗಳಂತೆ, ಅದು ಸಿಪಿ1252 ಎಂಬ ಪಶ್ಚಿಮ ಯುರೋಪಿನ ಹಳೆಯ ಕೋಷ್ಟಕ. ಆದರೆ ಅದೇ ವಿಂಡೋಸ್‌ನ ನೋಟ್‌ಪ್ಯಾಡು 2019ರ ನಂತರದ ಆವೃತ್ತಿಗಳಲ್ಲಿ ಫೈಲನ್ನು ಉಳಿಸುವುದು ಯುಟಿಎಫ್-8ರಲ್ಲಿ. ಬರೆದದ್ದು ಒಂದು ಲಿಪಿಕೋಷ್ಟಕದಲ್ಲಿ, ಓದಿದ್ದು ಇನ್ನೊಂದರಲ್ಲಿ.

ಮೊದಮೊದಲು ಇದರಿಂದ ಏನೂ ತೊಂದರೆಯಾಗಿರಲಿಲ್ಲ. ಫೈಲಿನ ತಲೆಬರಹ ಆಗ ಬರೀ "ತೂಕ" ಎಂದಿತ್ತು. ಅಂಗಡಿಗೆ ರಾಗಿಯೂ ಬರತೊಡಗಿದ ಮೇಲೆ ಗುಮಾಸ್ತರು "ಮೆಕ್ಕೆಜೋಳ ತೂಕ ಕೆಜಿ" ಎಂದು ಬರೆದರು, ಮತ್ತು ಆ ದಿನವೇ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಯುನಿಕೋಡ್‌ಡಿಕೋಡ್‌ಎರರ್ ಎಂದು ನಿಂತುಹೋಯಿತು. ಹನ್ನೊಂದನೆಯ ಸ್ಥಾನದಲ್ಲಿರುವ ಬೈಟನ್ನು, ಅಂದರೆ 0ಯಿಂದ 255ರವರೆಗಿನ ಒಂದು ಬೆಲೆ ಹಿಡಿಯುವ ತುಣುಕನ್ನು, ಓದಲಾಗುವುದಿಲ್ಲ ಎಂಬುದು ಸಂದೇಶ. ಕನ್ನಡದ ಪ್ರತಿಯೊಂದು ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟು ಹಿಡಿಯುತ್ತದೆ. ಮ, ಅದರ ಎತ್ವ, ಕ ಈ ಮೂರಕ್ಕೆ ಒಂಬತ್ತು ಬೈಟು. ಸೊನ್ನೆಯಿಂದ ಎಣಿಸಿದರೆ ಅವು ಎಂಟರವರೆಗೆ. ನಂತರ ಬರುವುದು ಒತ್ತಕ್ಷರವನ್ನು ಕೂಡಿಸುವ ವಿರಾಮ ಚಿಹ್ನೆ. ಅದರ ಮೂರನೆಯ ಬೈಟು ಹನ್ನೊಂದನೆಯ ಸ್ಥಾನದಲ್ಲಿದೆ, ಬೆಲೆ 141. ಸಿಪಿ1252 ಕೋಷ್ಟಕದಲ್ಲಿ ಐದು ಮನೆಗಳು ಖಾಲಿ: 129, 141, 143, 144, 157. ಇವುಗಳಲ್ಲಿ ಕೊನೆಗೊಳ್ಳುವ ಕನ್ನಡ ಸಂಕೇತಗಳಲ್ಲಿ ನಿತ್ಯ ಬಳಕೆಯವು ಕೊಂಬು (ಹ್ರಸ್ವ ಉಕಾರದ ಗುರುತು), ವಿರಾಮ, ಏ, ಐ, ಝ. ಕೊಂಬೂ ಒತ್ತೂ ಇಲ್ಲದ "ತೂಕ" ಎಂಬ ಪದ ಆ ಕೋಷ್ಟಕದಲ್ಲಿ ಏನೇನೋ ಅಕ್ಷರಗಳಾಗಿಯಾದರೂ ತೂರಿಕೊಂಡು ಹೋಗುತ್ತಿತ್ತು. "ಮೆಕ್ಕೆಜೋಳ" ಕಕಾರದ ಒತ್ತಿಗೆ ಎಡವಿ ಬಿತ್ತು. "ಒಟ್ಟು" ಎಂದು ಬರೆದಿದ್ದರೂ ಇದೇ ಗತಿ. ಕನ್ನಡ ಬರೆದರೆ ಪೈಥಾನ್ ಒಮ್ಮೆ ಓದುತ್ತದೆ, ಒಮ್ಮೆ ಓದುವುದಿಲ್ಲ ಎಂದು ವಿದ್ಯಾರ್ಥಿಗಳು ವರ್ಷಗಳಿಂದ ನನ್ನ ಬಳಿ ದೂರುತ್ತಿದ್ದರು. ಅದರ ಹಿಂದೆ ಇಷ್ಟು ಕಟ್ಟುನಿಟ್ಟಾದ ಲೆಕ್ಕವಿದೆಯೆಂದು ನಾನೂ ಕೂತು ಬೈಟುಗಳನ್ನು ಎಣಿಸಿ ನೋಡಿದ್ದು ಆ ರಾತ್ರಿಯೇ.

ಹುಡುಗ ಅದಕ್ಕೆ ಕಂಡುಕೊಂಡ ಪರಿಹಾರವೆಂದರೆ, ಫೈಲು ತೆರೆಯುವಾಗ ಎರರ್ಸ್ ಎಂಬ ಆಯ್ಕೆಗೆ ಇಗ್ನೋರ್ ಎಂದು ಕೊಟ್ಟದ್ದು. ಓದಲಾಗದ ಬೈಟುಗಳನ್ನು ಪೈಥಾನ್ ಅಲ್ಲಿಂದ ಮುಂದೆ ಸದ್ದಿಲ್ಲದೆ ಎಸೆಯತೊಡಗಿತು. ತಲೆಬರಹ ಹೇಗಿದ್ದರೂ ಲೆಕ್ಕಕ್ಕೆ ಬೇಡವಾದ್ದರಿಂದ ಇದು ಸರಿಯೆಂದೇ ಕಂಡಿತು. ಆದರೆ ೧೨೪೦ ಮತ್ತು ೫೬೦ ಎಂಬ ಸಾಲುಗಳೂ ಅದೇ ಕೋಷ್ಟಕದ ಮೂಲಕವೇ ಹಾದುಹೋದವು. ಲ್ಯಾಪ್‌ಟಾಪಿನಲ್ಲಿ ಇವೆರಡೂ ಸರಿಯಾಗಿ ಲೆಕ್ಕಕ್ಕೆ ಬಂದಿದ್ದವು. ಪೈಥಾನ್‌ನ ಇಂಟ್ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡಿನ ದಶಮಾನ ಅಂಕಿಗಳೆಲ್ಲವನ್ನೂ ಒಪ್ಪುತ್ತದೆ, ಹಾಗಾಗಿ ಅದಕ್ಕೆ ಕನ್ನಡದ ೧೨೪೦ ಕೂಡ 1240ರಷ್ಟೇ ಸಹಜವಾದ ಸಂಖ್ಯೆ. ಇದು ಕನ್ನಡಿಗರಾದ ನಮಗೆ ಗೊತ್ತಿರಬೇಕಾದ, ಆದರೆ ಪಾಠಗಳಲ್ಲಿ ಯಾರೂ ಹೇಳದ ಒಂದು ಸೌಕರ್ಯ. ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಆ ನಾಲ್ಕು ಅಂಕಿಗಳು ಹನ್ನೆರಡು ವಿಚಿತ್ರ ಅಕ್ಷರಗಳಾಗಿ ಒಡೆದವು: ನೆತ್ತಿಯ ಮೇಲೆ ಗೆರೆಯಿರುವ ಲ್ಯಾಟಿನ್ ಅಕ್ಷರ, ಘಾತವಾಗಿ ಮೇಲೆ ಬರೆದ ಪುಟ್ಟ 3, ಮತ್ತೊಂದು ಚಿಹ್ನೆ, ಹೀಗೆ ನಾಲ್ಕು ಬಾರಿ. ಇಸ್‌ಡಿಜಿಟ್ ಅವನ್ನು ಅಂಕಿಗಳಲ್ಲವೆಂದು ತಳ್ಳಿತು. 1,800 ಕಿಲೋ ಹೋಯಿತು. ಅಲ್ಲಿ ಕೂಡಿದ್ದು ಬರೀ ಐದು ಸಾಲುಗಳನ್ನು.

ಇದನ್ನೆಲ್ಲ ಊಹೆಯಿಂದ ಕಂಡುಹಿಡಿದದ್ದಲ್ಲ. ಎರಡೂ ಯಂತ್ರಗಳಲ್ಲಿ ಪ್ರತಿಯೊಂದು ಸಾಲನ್ನೂ ರೆಪ್ರ್ ಎಂಬ ಕಾರ್ಯದ ಮೂಲಕ ಮುದ್ರಿಸಿ, ಪಕ್ಕದಲ್ಲಿ ಅದನ್ನು ಕೂಡಿತೋ ಬಿಟ್ಟಿತೋ ಎಂದು ಬರೆಸಿದೆ. ಪ್ರಿಂಟ್ ತೋರಿಸುವುದು ಕಣ್ಣಿಗೆ ಕಾಣುವ ರೂಪವನ್ನು; ರೆಪ್ರ್ ತೋರಿಸುವುದು ಸುತ್ತ ಉದ್ಧರಣ ಚಿಹ್ನೆಯಿರುವ, ಅಂಚಿನ ಜಾಗ, ಸಾಲಿನ ಕೊನೆ, ಅಡಗಿದ ಗುರುತುಗಳು ಎಲ್ಲವೂ ಬಯಲಾಗುವ ರೂಪವನ್ನು. ಹದಿನಾಲ್ಕು ಸಾಲು ಹಾಗೆ ಮುದ್ರಿಸಲು ಹಿಡಿದ ಹೊತ್ತು ಎರಡು ನಿಮಿಷ. ಅದಕ್ಕೂ ಮೊದಲು ಮಾವ, ಅಳಿಯ, ಗುಮಾಸ್ತರು ಮೂವರೂ ಯಾರದ್ದು ಸರಿಯೆಂದು ವಾದಿಸಿದ್ದು ಒಂದು ತಾಸಿಗೂ ಮೇಲೆ.

ತಿದ್ದುಪಡಿ

ಹೊಸ ಪ್ರೋಗ್ರಾಮನ್ನು ಹುಡುಗನೇ ಬರೆದ, ನಾನು ಪಕ್ಕದಲ್ಲಿ ಕೂತಿದ್ದೆ. ಚರಗಳಿಗೆ ಮೊತ್ತ, ಸಾಲು, ಬಿಟ್ಟವು ಎಂದು ಕನ್ನಡದಲ್ಲೇ ಹೆಸರಿಟ್ಟೆವು. ಪೈಥಾನ್‌ನ ಮೂರನೆಯ ಆವೃತ್ತಿ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಮತ್ತು ಮುಂದೆ ಯಜಮಾನರಿಗೆ ತೋರಿಸುವಾಗ ಅನುಕೂಲವಾಯಿತು.

ಮೊದಲ ಬದಲಾವಣೆ ಎನ್‌ಕೋಡಿಂಗನ್ನು ಬಾಯಿಬಿಟ್ಟು ಹೇಳಿದ್ದು. ಯುಟಿಎಫ್-8-ಸಿಗ್ ಎಂಬ ರೂಪವನ್ನು ಆರಿಸಿದೆವು. ಕೆಲವು ತಂತ್ರಾಂಶಗಳು ಫೈಲಿನ ತಲೆಯಲ್ಲಿ ಬಿಒಎಂ ಎಂಬ ಕಣ್ಣಿಗೆ ಕಾಣದ ಗುರುತನ್ನು ಇಡುತ್ತವೆ. ಸ್ಟ್ರಿಪ್ ಅದನ್ನು ಜಾಗವೆಂದು ಪರಿಗಣಿಸುವುದಿಲ್ಲ, ಹಾಗಾಗಿ ಮೊದಲ ಸಾಲಿನ ಸಂಖ್ಯೆ ನೋಡಲು ಸರಿಯಿದ್ದರೂ ಪರಿವರ್ತನೆಯಾಗುವುದಿಲ್ಲ. ಸಿಗ್ ಇರುವ ರೂಪ ಆ ಗುರುತು ಇದ್ದರೆ ನುಂಗುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಪೈಥಾನ್ 3.15ರಿಂದ ಏನೂ ಹೇಳದಿದ್ದರೆ ಯುಟಿಎಫ್-8 ಎಂದೇ ಹಿಡಿಯಬೇಕೆಂದು ಅದರ ನಿರ್ಮಾತೃಗಳು ನಿರ್ಧರಿಸಿದ್ದಾರೆ, ಆದರೆ ಅಂಗಡಿಯ ಯಂತ್ರದಲ್ಲಿರುವುದು ಹಳೆಯ ಆವೃತ್ತಿ. ಇಗ್ನೋರ್ ಎಂಬ ಆಯ್ಕೆಯನ್ನು ಅಳಿಸಿದೆವು.

ಎರಡನೆಯದಾಗಿ, ಸಾಲು ಸಂಖ್ಯೆಯೇ ಎಂದು ಮೊದಲು ಪರೀಕ್ಷಿಸಿ ಆಮೇಲೆ ಪರಿವರ್ತಿಸುವ ಕ್ರಮವನ್ನು ಬಿಟ್ಟು, ನೇರವಾಗಿ ಪರಿವರ್ತಿಸಲು ಯತ್ನಿಸಿ, ಆಗದಿದ್ದರೆ ಟ್ರೈ ಮತ್ತು ಎಕ್ಸೆಪ್ಟ್ ಮೂಲಕ ಹಿಡಿಯುವ ಕ್ರಮಕ್ಕೆ ಬಂದೆವು. ಸಂಖ್ಯೆ ಎಂದರೇನು ಎಂಬ ನಿರ್ಣಯವನ್ನು ಪರಿವರ್ತಕಕ್ಕೇ ಬಿಟ್ಟರೆ ಚುಕ್ಕಿ, ಕಳೆಯುವ ಚಿಹ್ನೆ, ಕನ್ನಡ ಅಂಕಿ ಎಲ್ಲವೂ ತಾವಾಗಿಯೇ ಸರಿಹೋಗುತ್ತವೆ. ಹಿಡಿದ ಸಾಲನ್ನು ಎಸೆಯದೆ, ಅದರ ಕ್ರಮಸಂಖ್ಯೆಯೊಂದಿಗೆ "ಬಿಟ್ಟವು" ಎಂಬ ಪಟ್ಟಿಗೆ ಸೇರಿಸಬೇಕು. ಕ್ರಮಸಂಖ್ಯೆಗೆ ಎನ್ಯೂಮರೇಟ್ ಸಾಕು, ಒಂದರಿಂದ ಎಣಿಸೆಂದು ಅದಕ್ಕೆ ಹೇಳಬೇಕಷ್ಟೆ.

ಪರಿವರ್ತಕ ಯಾವುದೆಂಬ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಭಿನ್ನರಾಶಿಯನ್ನು ದ್ವಿಮಾನದಲ್ಲಿ, ಅಂದರೆ ಸೊನ್ನೆ ಒಂದುಗಳಲ್ಲಿ, ಇಡುವ ಫ್ಲೋಟ್ ಸಾಕೆಂದು ಹುಡುಗ, ಹತ್ತರ ಲೆಕ್ಕದಲ್ಲೇ ಇಡುವ ಡೆಸಿಮಲ್ ಇರಲಿ ಎಂದು ನಾನು. ಪ್ರಾಮಾಣಿಕವಾಗಿ ಹೇಳುವುದಾದರೆ ಈ ತೂಕದ ಫೈಲಿಗೆ ಅವನ ಮಾತೇ ಸಾಕಾಗಿತ್ತು: ಅರ್ಧ ಕಿಲೋ ದ್ವಿಮಾನ ಪದ್ಧತಿಯಲ್ಲಿ ಕರಾರುವಾಕ್ಕಾಗಿ ಕೂರುವ ಭಿನ್ನರಾಶಿ, ಅಲ್ಲಿ ಯಾವ ಸೋರಿಕೆಯೂ ಇಲ್ಲ. 0.1 ಹಾಗೆ ಕೂರುವುದಿಲ್ಲ. ಹತ್ತು ಬಾರಿ 0.1 ಅನ್ನು ಸಮ್ ಎಂಬ ಕಾರ್ಯದಿಂದ ಕೂಡಿದರೆ ಹಳೆಯ ಪೈಥಾನ್ 0.9999999999999999 ಎನ್ನುತ್ತದೆ, 3.12ನೇ ಆವೃತ್ತಿಯಿಂದ ಸಮ್ ಕಾರ್ಯವನ್ನು ಹೆಚ್ಚು ನಿಖರಗೊಳಿಸಿರುವುದರಿಂದ ಅಲ್ಲಿ 1.0 ಬರುತ್ತದೆ, ಆದರೆ ಸುತ್ತಿನೊಳಗೆ ಒಂದೊಂದಾಗಿ ಕೂಡಿದರೆ ಹೊಸ ಆವೃತ್ತಿಯಲ್ಲೂ ಹಳೆಯ ಉತ್ತರವೇ. ಇದೇ ಪ್ರೋಗ್ರಾಮನ್ನು ರೈತರಿಗೆ ಕೊಟ್ಟ ಹಣದ ಫೈಲಿಗೂ ಬಳಸುವುದಾಗಿ ಯಜಮಾನರು ಹೇಳಿದ್ದರಿಂದ, ಪೈಸೆಯ ಲೆಕ್ಕಕ್ಕೆ ಡೆಸಿಮಲ್ ಎಂದು ಇತ್ಯರ್ಥವಾಯಿತು. ಅದೂ ಕನ್ನಡ ಅಂಕಿಗಳನ್ನು ಒಪ್ಪುತ್ತದೆ. ಒಂದು ಎಚ್ಚರಿಕೆ ಬೇಕು: ಡೆಸಿಮಲ್ ಪರಿವರ್ತನೆ ವಿಫಲವಾದಾಗ ಏಳುವುದು ವ್ಯಾಲ್ಯೂಎರರ್ ಅಲ್ಲ, ಇನ್‌ವ್ಯಾಲಿಡ್‌ಆಪರೇಷನ್. ಹುಡುಗ ಹಳೆಯ ಅಭ್ಯಾಸದಂತೆ ವ್ಯಾಲ್ಯೂಎರರನ್ನು ಹಿಡಿಯಲು ಬರೆದು, ತಲೆಬರಹದ ಸಾಲಿಗೇ ಪ್ರೋಗ್ರಾಮು ಬಿದ್ದುಹೋಯಿತು. ಇನ್ನೊಂದು, ನ್ಯಾನ್ (ಸಂಖ್ಯೆಯಲ್ಲ ಎಂದರ್ಥ) ಎಂಬ ಪದವನ್ನು ಫ್ಲೋಟೂ ಡೆಸಿಮಲ್ಲೂ ಸಂಖ್ಯೆಯೆಂದೇ ಒಪ್ಪಿಕೊಳ್ಳುತ್ತವೆ. ಬೇರೆ ತಂತ್ರಾಂಶದಿಂದ ಬಂದ ಫೈಲಿನಲ್ಲಿ ಅದೊಂದು ಇದ್ದರೆ ಇಡೀ ಮೊತ್ತ ನ್ಯಾನ್ ಆಗುತ್ತದೆ. ಇಸ್‌ಫೈನೈಟ್ ಎಂಬ ಪರೀಕ್ಷೆಯನ್ನು ಅದಕ್ಕಾಗಿ ಸೇರಿಸಿದೆವು.

ಅಲ್ಪವಿರಾಮದ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಹಣದ ಫೈಲಿನಲ್ಲಿ 1,02,340 ಎಂಬಂತೆ ಲಕ್ಷ, ಸಾವಿರಗಳನ್ನು ಬಿಡಿಸಿ ಬರೆಯುವುದು ಅಂಗಡಿಯ ಪದ್ಧತಿ, ಮತ್ತು ಪೈಥಾನ್‌ನ ಇಂಟ್, ಫ್ಲೋಟ್, ಡೆಸಿಮಲ್ ಯಾವುದೂ ಅಲ್ಪವಿರಾಮವನ್ನು ಒಪ್ಪುವುದಿಲ್ಲ. ರಿಪ್ಲೇಸ್‌ನಿಂದ ಅಲ್ಪವಿರಾಮಗಳನ್ನೆಲ್ಲ ಅಳಿಸಿ ಮುಂದುವರಿಯುವುದು ಎಲ್ಲರೂ ಹೇಳುವ ಉಪಾಯ. ಆದರೆ ಆತುರದಲ್ಲಿ ಗುಮಾಸ್ತರು ಎರಡು ತೂಕಗಳನ್ನು ಒಂದೇ ಸಾಲಿನಲ್ಲಿ 438,612 ಎಂದು ಬರೆದಿದ್ದರೆ, ಅಳಿಸಿದ ಮೇಲೆ ಅದು ನಾಲ್ಕು ಲಕ್ಷದ ಮೂವತ್ತೆಂಟು ಸಾವಿರ ಕಿಲೋ ಆಗಿ ನಿಲ್ಲುತ್ತದೆ. ನಮ್ಮ ಪದ್ಧತಿಯಲ್ಲಿ ಕೊನೆಯ ಗುಂಪು ಮೂರಂಕಿ, ಅದಕ್ಕೆ ಹಿಂದಿನ ನಡುಗುಂಪುಗಳು ಎರಡಂಕಿ, ಮೊದಲನೆಯದು ಒಂದೋ ಎರಡೋ. 438,612 ಈ ಕಟ್ಟಿಗೆ ಒಗ್ಗುವುದಿಲ್ಲವಾದ್ದರಿಂದ ಅದನ್ನು ತಡೆಯಬಹುದು. 38,612 ಎಂದಿದ್ದರೆ ತಡೆಯಲಾಗದು, ಏಕೆಂದರೆ ಅದು ಒಂದು ಸಂಖ್ಯೆಯೂ ಹೌದು, ಎರಡು ತೂಕಗಳೂ ಆಗಬಹುದು. ಬಹಳ ಹೊತ್ತು ಯೋಚಿಸಿ ಮಾಡಿದ ತೀರ್ಮಾನವೆಂದರೆ, ಹಣದ ಫೈಲಿನಲ್ಲಿ ನಮ್ಮ ಕಟ್ಟಿಗೆ ಒಗ್ಗುವ ಅಲ್ಪವಿರಾಮವನ್ನು ಒಪ್ಪಬೇಕು. ತೂಕದ ಫೈಲಿನಲ್ಲಿ ಅಲ್ಪವಿರಾಮವಿರುವ ಯಾವ ಸಾಲನ್ನೂ ಕೂಡಬಾರದು, ಬಿಟ್ಟ ಪಟ್ಟಿಯಲ್ಲಿ ತೋರಿಸಬೇಕು. ಪ್ರೋಗ್ರಾಮು ಬುದ್ಧಿವಂತಿಕೆ ತೋರಿಸಬಾರದ ಜಾಗ ಇದು ಎಂಬುದು ನನ್ನ ಅಭಿಪ್ರಾಯ; ಚೀಟಿ ಕೈಯಲ್ಲಿರುವವರು ಗುಮಾಸ್ತರು, ಅವರೇ ನೋಡಲಿ.

ಕೊನೆಗೆ ಪ್ರೋಗ್ರಾಮು ಬರೀ ಮೊತ್ತ ಹೇಳಿ ಮುಗಿಸದಂತೆ ಮಾಡಿದೆವು. ಓದಿದ ಸಾಲೆಷ್ಟು, ಕೂಡಿದ್ದೆಷ್ಟು, ಖಾಲಿ ಎಷ್ಟು, ಬಿಟ್ಟದ್ದೆಷ್ಟು ಎಂದು ಮೊದಲು ಹೇಳಬೇಕು, ಬಿಟ್ಟ ಸಾಲುಗಳನ್ನು ಇದ್ದಂತೆಯೇ ತೋರಿಸಬೇಕು, ಆಮೇಲೆ ಮೊತ್ತ. ಇದನ್ನು ಬರೆಯುವಾಗ ಹುಡುಗ ಮೊದಲು ಸಾಲುಗಳನ್ನು ಎಣಿಸಲು ಫೈಲನ್ನು ಒಮ್ಮೆ ಓದಿ, ಮತ್ತೆ ಕೂಡಲು ಅದೇ ಫೈಲಿನ ಮೇಲೆ ಸುತ್ತು ಹಾಕಿದ. ಮೊತ್ತ ಸೊನ್ನೆ ಬಂತು. ಒಮ್ಮೆ ಕೊನೆಯವರೆಗೆ ಓದಿದ ಫೈಲು ತಾನಾಗಿ ಮೊದಲಿಗೆ ಮರಳುವುದಿಲ್ಲ. ಎಣಿಕೆಯನ್ನೂ ಕೂಡಿಕೆಯನ್ನೂ ಒಂದೇ ಸುತ್ತಿನಲ್ಲಿ ಮಾಡಿದ ಮೇಲೆ ಸರಿಹೋಯಿತು.

ಆ ಸಂಜೆಯ ಫೈಲನ್ನು ಮತ್ತೆ ಓದಿಸಿದಾಗ ಎರಡೂ ಯಂತ್ರಗಳು ಒಂದೇ ಮಾತು ಹೇಳಿದವು: ಓದಿದ್ದು 14, ಕೂಡಿದ್ದು 12, ಖಾಲಿ 1, ಬಿಟ್ಟದ್ದು 1, ಬಿಟ್ಟ ಸಾಲು ಒಂದನೆಯದು, ಮೆಕ್ಕೆಜೋಳ ತೂಕ ಕೆಜಿ. ಮೊತ್ತ 45475.5. ಗುಮಾಸ್ತರ ಕಿರ್ದಿಯ ಅಂಕಿ ಅದೇ ಆಗಿತ್ತು. ಹುಡುಗ ಅವರ ಕಡೆ ತಿರುಗಿ "ತಪ್ಪಾತು ಅಜ್ಜಾರೇ" ಎಂದ. ಅವರು ನಕ್ಕು, "ಹನ್ನೆರಡು ಚೀಟಿ ಅಂತ ನಾನು ಆಗ್ಲೇ ಹೇಳಿದ್ದೆ, ನಿನ್ನ ಯಂತ್ರ ಎಷ್ಟು ಚೀಟಿ ಕೂಡ್ತು ಅಂತ ನೀನು ಹೇಳ್ಲಿಲ್ಲ" ಎಂದರು. ಕಿರ್ದಿಯ ಪ್ರತಿ ದಿನದ ಮೊತ್ತದ ಪಕ್ಕದಲ್ಲಿ ಚೀಟಿಗಳ ಸಂಖ್ಯೆಯನ್ನು ಸಣ್ಣದಾಗಿ ಬರೆಯುವುದು ಅವರ ಹಳೆಯ ರೂಢಿ. ನಾನು ಅಂದು ಸಂಜೆ ಆ ಪುಟವನ್ನು ಎರಡು ಬಾರಿ ನೋಡಿಯೂ ಅದನ್ನು ಗಮನಿಸಿರಲಿಲ್ಲ.

ಮಾರನೆಯ ವಾರ ಅಂಗಡಿಯಿಂದ ಫೋನು ಬಂತು. ಪ್ರೋಗ್ರಾಮು ಒಂಬತ್ತನೆಯ ಸಾಲನ್ನು ಬಿಟ್ಟಿದೆ, ಆದರೆ ಅಲ್ಲಿ ೭೩೦ ಎಂದು ಸರಿಯಾಗಿಯೇ ಇದೆ ಎಂದು ಹುಡುಗ ಹೇಳಿದ. ಆ ಸಾಲಿನ ಕೊನೆಯ ಅಕ್ಷರದ ಯುನಿಕೋಡ್ ಸಂಖ್ಯೆಯನ್ನು ಆರ್ಡ್ ಎಂಬ ಕಾರ್ಯದಿಂದ ನೋಡಲು ಹೇಳಿದೆ. ಕನ್ನಡದ ಸೊನ್ನೆಯಾಗಿದ್ದರೆ 3302 ಬರಬೇಕಿತ್ತು. ಬಂದದ್ದು 3202, ಅದು ಅನುಸ್ವಾರ. ಪರದೆಯ ಮೇಲೆ ಎರಡೂ ಒಂದೇ ದುಂಡಗೆ ಕಾಣುತ್ತವೆ. ಅನುಸ್ವಾರ ಕಂಡಲ್ಲೆಲ್ಲ ಸೊನ್ನೆ ಹಾಕುವಂತೆ ಪ್ರೋಗ್ರಾಮನ್ನು ತಿದ್ದಲೇ ಎಂದು ಅವನು ಕೇಳಿದ. ಬೇಡವೆಂದೆ. ಗುಮಾಸ್ತರು ಕನ್ನಡಕ ಹಾಕಿಕೊಂಡು ಬಂದು, ಆ ಒಂದು ಅಕ್ಷರವನ್ನು ಅಳಿಸಿ, ಸೊನ್ನೆಯನ್ನು ಒತ್ತಿ, ಫೈಲನ್ನು ಉಳಿಸಿ, ಮತ್ತೆ ಓದಿಸಿದರು.